ಕಪ್ಪು ಪರದೆಯೂ ಮೂರು ಗಂಟೆಯ ಅತ್ತೆಯೂ

ಆ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಬಾಯಿ ತುಂಬ ನೊರೆಯಿದ್ದುದರಿಂದ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೆ ಯಾರಾದರೂ ಖಂಡಿತ ತಡೆಯುತ್ತಿದ್ದರು. ಪ್ರತಿಜ್ಞೆ ಇಷ್ಟೇ: ಇವತ್ತು ಮಧ್ಯಾಹ್ನದೊಳಗೆ ನಮ್ಮ ಮನೆಯ ಕಂಪ್ಯೂಟರ್ ಪರದೆಯ ತಡವರಿಕೆಯನ್ನು ನಿಲ್ಲಿಸಿಬಿಡುತ್ತೇನೆ! ರಿಪೇರಿಯವರ ಹಂಗಿಲ್ಲದೆ, ಸ್ವಂತ ಕೈಯಿಂದ!

ನಾನು ತೂಕ ಮತ್ತು ಅಳತೆ ಇಲಾಖೆಯವನು. ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ ಮೊಹರು ಹಾಕುವುದು ನನ್ನ ಕೆಲಸ. ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ತಕ್ಕಡಿಯ ಮುಳ್ಳು ತಾನಾಗಿಯೇ ನಡುವಿಗೆ ಬಂದು ನೆಟ್ಟಗೆ ನಿಲ್ಲುತ್ತದೆ ಎಂದು ವರ್ತಕರು ಹೇಳುತ್ತಾರೆ. ಹಾಗೆ ಹೇಳುವುದು ನನ್ನ ಎದುರಿಗೆ ಮಾತ್ರ, ಆ ಮಾತು ಬೇರೆ. ಇಂಥವನಿಗೆ ಒಂದು ಯಃಕಶ್ಚಿತ್ ಪರದೆ ಯಾವ ಲೆಕ್ಕ?

ಆ ಕಂಪ್ಯೂಟರಿಗೆ ನಮ್ಮ ಮನೆಯಲ್ಲಿ ಮೂವರು ಹಕ್ಕುದಾರರು. ಮೊದಲನೆಯವಳು ನನ್ನ ಹೆಂಡತಿ. ಅವಳು ಚಿತ್ರ ಬರೆಯುವವಳು. ಹದಿನೈದು ವರ್ಷ ಪಂಪು, ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳ ಕೈಪಿಡಿಗಳಿಗೆ 'ಈ ತಿರುಪನ್ನು ಇಲ್ಲಿ ಬಿಗಿಯಿರಿ' ಎಂಬಂಥ ಚಿತ್ರಗಳನ್ನೇ ಬರೆದಳು. ತಿರುಪು ಬಿಗಿಯುವವರು ಯಾರಾದರೂ ಚಿತ್ರ ಬರೆದವರ ಹೆಸರು ಹುಡುಕುತ್ತಾರೆಯೇ? ಎಲ್ಲೂ ಅವಳ ಹೆಸರು ಅಚ್ಚಾಗಲಿಲ್ಲ. ಈ ಸಲ ಮಕ್ಕಳಿಗಾಗಿ ಹಕ್ಕಿಗಳ ಪುಸ್ತಕವೊಂದು ಅವಳ ಪಾಲಿಗೆ ಬಂದಿತ್ತು. ನಲವತ್ತೆರಡು ಹಕ್ಕಿಗಳು! ರಕ್ಷಾಪುಟದ ಮೇಲೆ, ಮಿಂಚುಳ್ಳಿಯ ಬಾಲದ ಕೆಳಗೆ, ಮೊಟ್ಟಮೊದಲ ಬಾರಿಗೆ ಅವಳ ಹೆಸರು! ಅಂದು ಸಂಜೆ ನಾಲ್ಕಕ್ಕೆ ಸರಿಯಾಗಿ ಚಿತ್ರಗಳೆಲ್ಲ ಅಚ್ಚುಮನೆಗೆ ತಲುಪಬೇಕಿತ್ತು. ತಪ್ಪಿದರೆ ಅಚ್ಚಿನ ಯಂತ್ರಕ್ಕೆ ಬೇರೆ ಕೆಲಸ ಹತ್ತುತ್ತದೆ, ನಮ್ಮ ಸರದಿ ಮತ್ತೆ ಬರುವುದು ಮೂರು ತಿಂಗಳ ಮೇಲೆ ಎಂದು ಅಚ್ಚುಮನೆಯವರು ಖಡಾಖಂಡಿತವಾಗಿ ಹೇಳಿದ್ದರು.

ಎರಡನೆಯವರು ನನ್ನ ಅತ್ತೆ, ಎಂದರೆ ಹೆಂಡತಿಯ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕುಳಿತು ಊರಿನವರ ಕರೆಗಳನ್ನೆಲ್ಲ ಜೋಡಿಸಿದವರು. ಹತ್ತು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಯಿತು. ಅಯ್ಯೋ ಪಾಪ ಎನ್ನಲು ನಾವು ಬಾಯಿ ತೆರೆಯುವಷ್ಟರಲ್ಲಿ ಅವರು ಕಣ್ಣಿಲ್ಲದವರ ಕಂಪ್ಯೂಟರ್ ತರಗತಿಗೆ ಸೇರಿ ಆಗಿತ್ತು! ದಿನಾ ಮಧ್ಯಾಹ್ನ ಮೂರಕ್ಕೆ ಬಂದು ಕೂರುತ್ತಾರೆ, ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಚಿತ್ರಗಳಿಲ್ಲದ, ಬರೀ ಅಕ್ಷರಗಳಿರುವ ಒಂದು ಕೋಣೆಗೆ ಕಂಪ್ಯೂಟರನ್ನು ಕರೆದೊಯ್ಯುತ್ತಾರೆ, ತಂಗಿಗೆ ಒಂದು ಪುಟ ಪತ್ರ ಬರೆಯುತ್ತಾರೆ. ಅವರಿಗೋಸ್ಕರ ಒಳಗೊಂದು ದನಿ ಇದೆ. ಪರದೆಯ ಮೇಲೆ ಮೂಡುವ ಪ್ರತಿಯೊಂದನ್ನೂ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಅದರ ವೇಗವೋ, ಹರಾಜು ಕೂಗುವವನಿಗೂ ಸುಸ್ತಾಗಬೇಕು! ನನ್ನ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಅವರಿಗೆ ಇಯರ್‌ಫೋನ್ ತಂದುಕೊಟ್ಟವನು ನಾನೇ. ಅತ್ತೆ ಕೆಲಸ ಮುಗಿಸಿ ಅದನ್ನು ಮೇಜಿನ ಪಕ್ಕದ ಮೊಳೆಗೆ ನೇತುಹಾಕುತ್ತಾರೆ, ತಂತಿ ಮಾತ್ರ ಕಂಪ್ಯೂಟರಿಗೇ ಸಿಕ್ಕಿಕೊಂಡಿರುತ್ತದೆ. ಈ ಮೊಳೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೂರನೆಯ ಹಕ್ಕುದಾರ ನಾನು. ನನ್ನ ಕೆಲಸ ಇಸ್ಪೀಟಾಟ.

ಚಿತ್ರವನ್ನು ಹಿಗ್ಗಿಸಿದಾಗ ಪರದೆ ತಡವರಿಸುತ್ತದೆ, ರೆಕ್ಕೆ ಒಂದು ಕಡೆ ಹೋದರೆ ಹಕ್ಕಿ ಇನ್ನೊಂದು ಕಡೆ ಹೋಗುತ್ತದೆ ಎಂದು ಹೆಂಡತಿ ತಿಂಗಳಿಂದ ಗೊಣಗುತ್ತಿದ್ದಳು. ನಾನು ಅಲ್ಲಿ ಇಲ್ಲಿ ಓದಿ ರೋಗದ ಮೂಲವನ್ನು ಪತ್ತೆಹಚ್ಚಿದ್ದೆ. ತಿಂಡಿಯ ಹೊತ್ತಿಗೆ ಉಪನ್ಯಾಸ ಆರಂಭಿಸಿದೆ.

"ನೋಡು, ಕಂಪ್ಯೂಟರಿನ ಒಳಗೆ ಕರ್ನಲ್ ಅಂತ ಒಂದಿದೆ. ಅದು ಮನೆ ಯಜಮಾನ ಇದ್ದ ಹಾಗೆ."

"ಅಂದ್ರೆ ನಾನು," ಎಂದಳು ಹೆಂಡತಿ.

"ಮಧ್ಯೆ ಬಾಯಿ ಹಾಕಬೇಡ. ಆ ಯಜಮಾನನ ಕೈಕೆಳಗೆ ಕೆಲಸದವರಿರ್ತಾರೆ. ಪರದೆ ನೋಡ್ಕೊಳ್ಳೋಕೆ ಒಬ್ಬ, ದನಿಗೊಬ್ಬ, ಕೀಲಿಮಣೆಗೊಬ್ಬ. ಅವರೇ ಡ್ರೈವರುಗಳು. ಅವರೆಲ್ಲ ಮನೇಲೇ ಹುಟ್ಟಿ ಬೆಳೆದವರಲ್ಲ. ಬೇಕಾದಾಗ ಒಳಗೆ ಕರೀಬಹುದು, ಬೇಡವಾದಾಗ ಹೊರಗೆ ಕಳಿಸಬಹುದು. ಯಜಮಾನ ಕೂತಲ್ಲೇ ಕೂತಿರ್ತಾನೆ. ಹೀಗೆ ಬಂದು ಹೋಗೋರಿಗೆ ಮಾಡ್ಯೂಲ್ ಅಂತಾರೆ."

"ಸರಿ, ಏನೀಗ?"

"ನಮ್ಮ ಪರದೆಯವನು ಮುದುಕ ಆಗಿದಾನೆ. ಅವನನ್ನ ಕಳಿಸಿ ಹೊಸಬನನ್ನ ತರ್ತೀನಿ. ಹತ್ತು ನಿಮಿಷದ ಕೆಲಸ!"

ಹೆಂಡತಿ ಲೋಟ ಕೆಳಗಿಟ್ಟಳು. ಅವಳು ಲೋಟ ಕೆಳಗಿಟ್ಟಳೆಂದರೆ ಮುಂದಿನ ಮಾತು ಗಂಭೀರ ಎಂದೇ ಅರ್ಥ.

"ರೀ, ಇವತ್ತು ಮಾತ್ರ ಬೇಡ. ಮೊದಲ ಮೂವತ್ತು ಹಕ್ಕಿ ಬೇರೆ ಕಡೆ ಕಾಪಿ ಇದೆ. ಕಡೇ ಹನ್ನೆರಡು ಅದರೊಳಗೇ ಇವೆ. ಬುಧವಾರವೇ ಕಾಪಿ ಮಾಡಿಡಿ ಅಂದಿದ್ದೆ ನಿಮಗೆ."

"ನಾಳೆ ಮಾಡ್ತೀನಿ ಅಂದಿದ್ದೆನಲ್ಲ!"

"ಆ ನಾಳೆ ಹೋಗಿ ಎರಡು ದಿನ ಆಯ್ತು. ನಾನು ಹಲ್ಲಿನ ಡಾಕ್ಟರ ಹತ್ರ ಹೋಗಿ ಬರೋವರೆಗೂ ಅದರ ತಂಟೆಗೆ ಹೋಗಬೇಡಿ. ಸಿಂಕಿನಲ್ಲಿರೋ ಪಾತ್ರೆ ತೊಳೆದಿಡಿ, ಅಷ್ಟು ಮಾಡಿದ್ರೆ ಸಾಕು."

ಕಿಟಕಿಯ ಬಳಿ ಕುಳಿತು ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು: "ಅಳಿಯಂದ್ರೇ, ಯಾರನ್ನ ಕಳಿಸಿದ್ರೂ ನನ್ನ ದನಿಯವನನ್ನ ಮಾತ್ರ ಕಳಿಸಬೇಡಿ."

ಹೆಂಡತಿ ಹೊರಟಳು. ಬುದ್ಧಿಹಲ್ಲು ಕೀಳಿಸಿಕೊಳ್ಳಲು ಹೋದವಳು ಅವಳು, ಬುದ್ಧಿ ಕಳೆದುಕೊಂಡವನು ನಾನು! ಅವಳು ಬೀದಿಯ ತಿರುವು ದಾಟುವಷ್ಟರಲ್ಲಿ ನಾನು ಕಂಪ್ಯೂಟರಿನ ಮುಂದಿದ್ದೆ. ಅವಳು ಬರುವಷ್ಟರಲ್ಲಿ ಪರದೆ ನುಣ್ಣಗೆ ಓಡುತ್ತಿರಬೇಕು, ಮಿಂಚುಳ್ಳಿ ರೆಕ್ಕೆ ಬಡಿಯಬೇಕು, ಅವಳು ಬೆರಗಾಗಿ ನನ್ನನ್ನು ನೋಡಬೇಕು. ಉದ್ದೇಶ ಒಳ್ಳೆಯದೇ ಇತ್ತು ಎಂಬುದನ್ನು ಓದುಗರು ಗಮನಿಸಬೇಕಾಗಿ ವಿನಂತಿ.

ಒಳಗೆ ಯಾರ್ಯಾರು ಮಾಡ್ಯೂಲುಗಳಿದ್ದಾರೆ ಎಂದು ಮೊದಲು ಹಾಜರಿ ತೆಗೆದುಕೊಂಡೆ. ಮಾರುದ್ದ ಪಟ್ಟಿ ಬಂತು. ನಮ್ಮ ಇಲಾಖೆಯಲ್ಲಿಯೂ ಇಷ್ಟು ಜನರಿಲ್ಲ! ನಡುವೆ ಅತ್ತೆಯ ದನಿಯ ಮಾಡ್ಯೂಲ್ ಕಣ್ಣಿಗೆ ಬಿತ್ತು. ಇದು ಯಾಕೆ ಬೆಳಗಿನಿಂದ ಸಂಜೆಯವರೆಗೆ ಒಳಗೆ ಕೂತಿರಬೇಕು? ದಿನಕ್ಕೆ ಒಂದು ಗಂಟೆಯ ಕೆಲಸ, ಉಳಿದ ಹೊತ್ತೆಲ್ಲ ದಂಡ! ತೆಗೆದುಹಾಕಿದರೆ ಯಂತ್ರ ಇನ್ನಷ್ಟು ಹಗುರಾದೀತು. ಕೀಲಿಯ ಮೇಲೆ ಬೆರಳೂ ಹೋಯಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅತ್ತೆ ಏನೋ ಗುನುಗುವುದು ಕೇಳಿಸಿತು. 'ಇರಲಿ, ಪಾಪ, ವಯಸ್ಸಾದವರು' ಎಂದು ದೊಡ್ಡ ಮನಸ್ಸು ಮಾಡಿ ಬಿಟ್ಟೆ. ಆ ದೊಡ್ಡ ಮನಸ್ಸನ್ನು ನೆನೆದರೆ ಈಗಲೂ ನನ್ನ ಮೈ ಬೆವರುತ್ತದೆ.

ಪರದೆಯ ಮುದುಕನಿಗೆ 'ಹೊರಡು' ಎಂದು ಆಜ್ಞೆ ಕೊಟ್ಟೆ. ಕಂಪ್ಯೂಟರ್ ಒಂದೇ ಸಾಲಿನಲ್ಲಿ ಉತ್ತರಿಸಿತು. ಅದರ ಸಾರಾಂಶ: ತೆಗೆಯಲಾಗುವುದಿಲ್ಲ, ಬಳಕೆಯಲ್ಲಿದೆ.

ಮತ್ತೆ ಆಜ್ಞೆ ಕೊಟ್ಟೆ. ತೆಗೆಯಲಾಗುವುದಿಲ್ಲ, ಬಳಕೆಯಲ್ಲಿದೆ.

ಎಲಾ ಇದರ! ಮೊಹರು ಹಾಕುವ ಕೈಗೇ ಎದುರುತ್ತರವೇ? ಇದಕ್ಕೂ ಉಪಾಯ ಓದಿಕೊಂಡಿದ್ದೆ. ಒಳಗಿರುವವನನ್ನು ಎಬ್ಬಿಸಲಾಗದಿದ್ದರೆ ಬಿಡಿ, ಮುಂದಿನ ಸಲ ಬರುವಾಗ ಬಾಗಿಲಲ್ಲೇ ತಡೆಯಬಹುದು. 'ಇವರನ್ನು ಒಳಗೆ ಬಿಡಕೂಡದು' ಎಂದು ಕರ್ನಲ್ಲಿಗೆ ಬರೆದುಕೊಡುವ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಮುದುಕನ ಹೆಸರನ್ನು ಬರೆದೆ. ಹೊಸಬನ ಹೆಸರನ್ನು ಸ್ವಾಗತದ ಪಟ್ಟಿಗೆ ಸೇರಿಸಿದೆ. ಕಂಪ್ಯೂಟರನ್ನು ಆರಿಸಿ, ಕೈಕಟ್ಟಿ, ಎದೆಯುಬ್ಬಿಸಿ, ಮತ್ತೆ ಹಚ್ಚಿದೆ.

ಪರದೆ ಒಮ್ಮೆ ಮಿನುಗಿತು. ಆಮೇಲೆ ಕಪ್ಪಾಯಿತು.

ಕಾದೆ. ಕಪ್ಪು. ಇನ್ನೂ ಕಾದೆ. ಇನ್ನೂ ಕಪ್ಪು! ಒಳಗೆ ಫ್ಯಾನು ತಿರುಗುತ್ತಿದೆ, ದೀಪ ಪಿಳಿಪಿಳಿ ಎನ್ನುತ್ತಿದೆ, ಪರದೆ ಮಾತ್ರ ಇದ್ದಲಿನ ಹಾಗಿದೆ. ನಡೆದದ್ದೇನೆಂದು ಆಮೇಲೆ ತಿಳಿಯಿತು. ನಾನು ತಂದ ಹೊಸಬ ನಮ್ಮ ಕಾರ್ಡಿಗೆ, ಎಂದರೆ ಒಳಗಿದ್ದು ಪರದೆಗೆ ಚಿತ್ರ ಕಳಿಸುವ ಹಲಗೆಗೆ, ಸೇರಿದವನಲ್ಲ, ಅದೇ ಕಂಪನಿಯ ಅದಕ್ಕಿಂತ ಕಿರಿಯ ಕಾರ್ಡಿಗೆ ಸೇರಿದವನು. ಎರಡೂ ಕಾರ್ಡಿನ ಡಬ್ಬಿಯ ಮೇಲಿನ ಚಿತ್ರ ಒಂದೇ ಥರ ಇದ್ದುದರಿಂದ ನಾನು ಅಷ್ಟಕ್ಕೇ ಮೊಹರು ಹಾಕಿಬಿಟ್ಟಿದ್ದೆ. ಹೊಸಬ ಬಂದ, ಬಂದವನೇ ಪರದೆಯನ್ನು ವಶಕ್ಕೆ ತೆಗೆದುಕೊಂಡ, ನಮ್ಮ ಕಾರ್ಡಿನ ಮುಖ ಗುರುತು ಸಿಗದೆ ಸುಮ್ಮನೆ ನಿಂತುಬಿಟ್ಟ. ಕೆಲಸ ಬಲ್ಲ ಮುದುಕ ನನ್ನ ಪಟ್ಟಿಯ ದೆಸೆಯಿಂದ ಬಾಗಿಲ ಹೊರಗೇ ಉಳಿದ.

ಪರದೆಯ ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಏನೋ ಅಳುಕಿನಿಂದ ಅದರ ಬೆನ್ನು ಕೂಡ ತಟ್ಟಿದೆ. ಆರಿಸಿದೆ, ಹಚ್ಚಿದೆ, ಆರಿಸಿದೆ, ಹಚ್ಚಿದೆ. ಇದರ ಮಧ್ಯೆ ಒಂದು ಸೊಳ್ಳೆಯ ಕಾಟ ಬೇರೆ! ಕಂಪ್ಯೂಟರ್ ಹಚ್ಚಿದಾಗಲೆಲ್ಲ ಕಿವಿಯ ಹತ್ತಿರ ಗುಂಯ್ ಎನ್ನುತ್ತಿತ್ತು. ಚಪ್ಪಾಳೆ ಹೊಡೆದು ಹೊಡೆದು ಅಂಗೈ ಕೆಂಪಾಯಿತು, ಸೊಳ್ಳೆ ಸಿಗಲಿಲ್ಲ.

ಒಂದು ಗಂಟೆಗೆ ಹೆಂಡತಿ ಬಂದಳು. ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿ. ನಾಲ್ಕು ಗಂಟೆಯವರೆಗೆ ಬಾಯಿ ಬಿಡಲೇಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಇದು ಅವಳು ಚೀಟಿಯಲ್ಲಿ ಬರೆದು ತೋರಿಸಿದ ಸುದ್ದಿ. ನಾನು ಆ ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕೈಮುಗಿದದ್ದು ತೀರ ಬೇಗವಾಯಿತು. ಬಾಯಿಗೆ ರಜೆ ಸಿಕ್ಕಿತ್ತೇ ಹೊರತು ಕಣ್ಣಿಗೆ ಸಿಕ್ಕಿರಲಿಲ್ಲ. ಅವಳು ಕಪ್ಪು ಪರದೆ ನೋಡಿದಳು, ನನ್ನನ್ನು ನೋಡಿದಳು, ಚಿತ್ರದ ಪುಸ್ತಕದಿಂದ ಒಂದು ಹಾಳೆ ಹರಿದಳು.

'ಏನು ಮಾಡಿದಿರಿ?'

"ಏನಿಲ್ಲ, ಸ್ವಲ್ಪ..." ಎಂದೆ ಮೆಲ್ಲಗೆ.

'ಪರದೆಯವನನ್ನ ಕಳಿಸಿದಿರಾ?'

"ಹೋದ. ಆದ್ರೆ ಬಂದವನು ಕೆಲಸ ಮಾಡ್ತಾ ಇಲ್ಲ."

ಪೆನ್ನು ಹಾಳೆಯನ್ನು ತೂತು ಮಾಡುವಂತೆ ಓಡಿತು. 'ಊರಿನ ತಕ್ಕಡಿಗೆಲ್ಲ ಮೊಹರು ಹಾಕ್ತೀರಿ. ಈ ಬೆಪ್ಪುತಕ್ಕಡಿಗೆ ಯಾರು ಹಾಕ್ತಾರೆ?'

ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವು ಅಷ್ಟು ಶಾಂತವಾಗಿ ಜಗಳವಾಡಿದ್ದೇ ಇಲ್ಲ. ಅವಳು ಬರೆಯುವುದು, ನಾನು ಪಿಸುಗುಡುವುದು. ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು: "ಏನು, ಮನೆ ಇಷ್ಟು ತಣ್ಣಗಿದೆ? ಏನಾದ್ರೂ ಕೆಟ್ಟು ಹೋಯ್ತಾ?"

"ಏನೂ ಇಲ್ಲ ಅತ್ತೆ! ಇವಳಿಗೆ ಹಲ್ಲು ನೋವು, ಅಷ್ಟೇ!" ಎಂದು ಕೂಗಿದೆ.

ಹೆಂಡತಿ 'ಅಮ್ಮನಿಗೆ ಹೇಳಿ' ಎಂದು ಬರೆದಳು. ನಾನು ಬೇಡವೆಂದು ತಲೆಯಾಡಿಸಿದೆ. "ಕಣ್ಣು ಕಾಣದವರಿಗೆ ಪರದೆ ಕಾಣ್ತಿಲ್ಲ ಅಂತ ಹೇಳಿ ಏನುಪಯೋಗ? ಸುಮ್ನೆ ಗಾಬರಿ ಆಗ್ತಾರೆ." ಮನೆಯಲ್ಲಿ ಬುದ್ಧಿವಂತ ಒಬ್ಬನೇ ಇದ್ದಾಗ ಎಷ್ಟೊಂದು ಜವಾಬ್ದಾರಿ!

ಆ ಜವಾಬ್ದಾರಿಯನ್ನು ಹೊರಲಾರದೆ ಕಚೇರಿಯ ಗೆಳೆಯನಿಗೆ ಫೋನು ಮಾಡಿದೆ. ಅವನನ್ನು ನಾವೆಲ್ಲ 'ಗೊತ್ತುಬಿಡಿ' ಎಂದು ಕರೆಯುತ್ತೇವೆ. ಯಾರು ಏನೇ ಹೇಳಲಿ, ಮುಗಿಸುವ ಮೊದಲೇ "ಗೊತ್ತು ಬಿಡಿ" ಎನ್ನುವವನು. ಕಚೇರಿಯ ಕಂಪ್ಯೂಟರುಗಳಿಗೆಲ್ಲ ಅವನೇ ವೈದ್ಯ. ಎಷ್ಟು ಬದುಕಿವೆ ಎಂದು ಮಾತ್ರ ಕೇಳಬಾರದು.

"ಪರದೆ ಕಪ್ಪಾಗಿದೆ ಕಣಯ್ಯ. ನಾನು ಮಾಡ್ಯೂಲ್..."

"ಗೊತ್ತು ಬಿಡಿ. ಇದಕ್ಕೆಲ್ಲ ಒಂದೇ ಮದ್ದು. ಒಳಗಿರೋದನ್ನೆಲ್ಲ ಅಳಿಸಿ ಹೊಸದಾಗಿ ಹಾಕೋದು. ಮೂರೂವರೆಗೆ ಪೆನ್ ಡ್ರೈವ್ ತಗೊಂಡು ಬರ್ತೀನಿ."

"ಎಲ್ಲ ಅಳಿಸಿದ್ರೆ ಒಳಗಿರೋ ಚಿತ್ರಗಳು?"

"ಚಿತ್ರ ಹೋಗ್ತವೆ. ಪರದೆ ಬರುತ್ತೆ. ಎರಡೂ ಬೇಕು ಅಂದ್ರೆ ಹೇಗೆ ಸ್ವಾಮಿ?"

ಎರಡು ಗಂಟೆಗೆ ಅಚ್ಚುಮನೆಯವರ ಫೋನು. "ಸಾರ್, ಮೇಡಂಗೆ ಹೇಳಿ, ನಾಲ್ಕು ಅಂದ್ರೆ ನಾಲ್ಕು. ನಾಲ್ಕೂ ಐದಕ್ಕೆ ಯಂತ್ರಕ್ಕೆ ಕ್ಯಾಲೆಂಡರ್ ಹತ್ತುತ್ತೆ."

ನಾನು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ದೊಡ್ಡ ಅಕ್ಷರದಲ್ಲಿ ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಹಾಳೆಯ ಮೂಲೆಯಲ್ಲಿ, ಚಿಕ್ಕ ಅಕ್ಷರದಲ್ಲಿ, ಎರಡೇ ಪದ ಬರೆದಳು.

'ನನ್ನ ಹೆಸರು?'

ನಾನು ತಮಾಷೆಯ ಮನುಷ್ಯ, ನಿಜ. ಆದರೆ ಆ ಎರಡು ಪದಗಳಲ್ಲಿ ತಮಾಷೆ ಇರಲಿಲ್ಲ. ಹದಿನೈದು ವರ್ಷ ಬೇರೆಯವರ ತಿರುಪು ಬಿಗಿದವಳಿಗೆ ಒಂದು ಹಕ್ಕಿಯ ಬಾಲದ ಕೆಳಗೆ ಒಂದು ಅಂಗುಲ ಜಾಗ ಸಿಕ್ಕಿತ್ತು. ಅದನ್ನೂ ನಾನು ಒರೆಸಿಹಾಕಿದ್ದೆ. ಬುಧವಾರ ಐದು ನಿಮಿಷ ಇಸ್ಪೀಟು ಬಿಟ್ಟು ಕಾಪಿ ಮಾಡಿದ್ದರೆ ಸಾಕಿತ್ತು. ಅವಳ ಎದುರು ನೆಲ ನೋಡುತ್ತಾ ನಿಂತೆ.

ಗಡಿಯಾರ ಮೂರು ಹೊಡೆಯಿತು. ಅತ್ತೆ ಎದ್ದು ಬಂದರು. ಬಾಗಿಲಿನಿಂದ ಮೇಜಿಗೆ ಏಳು ಹೆಜ್ಜೆ, ಎಂದಿನಂತೆ ಎಣಿಸಿಕೊಂಡು ಬಂದು ಕುರ್ಚಿ ಎಳೆದು ಕುಳಿತರು. ಮೊಳೆಗೆ ಕೈ ಹಾಕಿದರು, ಇಯರ್‌ಫೋನ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು, ಮೂರು ಕೀಲಿ ಒಟ್ಟಿಗೆ ಒತ್ತಿದರು, ಟಕಟಕ ಟಕಟಕ ಎಂದು ತಂಗಿಗೆ ಪತ್ರ ಶುರುಮಾಡಿದರು.

ಇದ್ದಲಿನಂಥ ಪರದೆಯ ಮುಂದೆ!

ನಾನು ನಯವಾಗಿ ಕೆಮ್ಮಿದೆ. "ಅತ್ತೆ, ಇವತ್ತು ಬಿಡಿ. ಕಂಪ್ಯೂಟರ್ ಕೆಟ್ಟಿದೆ."

"ಹೌದಾ?" ಅತ್ತೆಯ ಬೆರಳು ನಿಲ್ಲಲಿಲ್ಲ. "ನನ್ನ ಹತ್ರ ಚೆನ್ನಾಗೇ ಮಾತಾಡ್ತಾ ಇದೆಯಲ್ಲ?"

ಹಾಗೆಂದವರೇ ಇಯರ್‌ಫೋನಿನ ತಂತಿಯನ್ನು ಎಳೆದುಬಿಟ್ಟರು. ತಕ್ಷಣ ಕೋಣೆ ತುಂಬ ಆ ಹರಾಜಿನ ದನಿ ಮೊಳಗಿತು! ಅತ್ತೆ ಟೈಪು ಮಾಡಿದ್ದನ್ನೆಲ್ಲ ಅದು ಗಡಗಡ ಓದುತ್ತಿತ್ತು. ಆಗ ನನ್ನ ಕಣ್ಣು ಮೊಳೆಯ ಮೇಲೆ ಹೋಯಿತು. ಅಯ್ಯೋ ದೇವರೇ! ಬೆಳಿಗ್ಗೆಯಿಂದ ನಾನು ಚಪ್ಪಾಳೆ ಹೊಡೆದು ಅಟ್ಟಿದ್ದು ಸೊಳ್ಳೆಯನ್ನಲ್ಲ! ಕಂಪ್ಯೂಟರ್ ಬದುಕಿಯೇ ಇತ್ತು, ನನ್ನ ಕಿವಿಯ ಪಕ್ಕದಲ್ಲೇ 'ನಾನಿದ್ದೇನೆ, ನಾನಿದ್ದೇನೆ' ಎಂದು ಕೂಗುತ್ತಿತ್ತು, ನಾನೇ ತಂದುಕೊಟ್ಟ ಇಯರ್‌ಫೋನಿನೊಳಗೆ!

"ಏನಾಗಿದೆ ಅಂದ್ರಿ ಇದಕ್ಕೆ?" ಎಂದರು ಅತ್ತೆ.

"ಪರದೆ ಪೂರ್ತಿ ಕಪ್ಪಾಗಿದೆ ಅತ್ತೆ. ಏನೂ ಕಾಣ್ತಿಲ್ಲ."

"ಓ, ಅಷ್ಟೇನಾ? ನನಗೆ ಹತ್ತು ವರ್ಷದಿಂದ ಹಾಗೇ ಇದೆ."

ಹೆಂಡತಿ ತಾಯಿಯ ಹೆಗಲು ಹಿಡಿದು ಅಲುಗಾಡಿಸತೊಡಗಿದಳು. ಚೀಟಿ ಬರೆದಳು, ತಾಯಿಗೆ ಚೀಟಿ ಕಾಣದೆಂದು ನೆನಪಾಗಿ ನನ್ನ ಮೂಗಿಗೆ ಹಿಡಿದಳು. ನಾನು ಓದಿ ಹೇಳಿದೆ: "ಹಕ್ಕಿಗಳು ಇವೆಯಾ ಅಂತ ಕೇಳ್ತಿದಾಳೆ. ನಾಲ್ಕಕ್ಕೆ ಅಚ್ಚುಮನೆಗೆ ಹೋಗಬೇಕು. ಕಡೇ ಹನ್ನೆರಡಕ್ಕೆ ಬೇರೆ ಕಾಪಿ ಇಲ್ಲ."

ಅತ್ತೆಯ ಮುಖ ಗಂಭೀರವಾಯಿತು. ಟಕ್ ಟಕ್ ಎಂದು ಏನೋ ಒತ್ತಿದರು. ದನಿ ಒಂದೊಂದೇ ಹೆಸರು ಹೇಳತೊಡಗಿತು. ನಮ್ಮ ಭಾಷೆ ಬಾರದ ದನಿ ಅದು, ಹಕ್ಕಿಗಳ ಹೆಸರನ್ನು ಕಲ್ಲು ಕಡಿದಂತೆ ಕಡಿಯುತ್ತಿತ್ತು. ಅತ್ತೆ ಅದನ್ನು ಬಿಡಿಸಿ ಹೇಳುತ್ತ ಹೋದರು.

"ಮರಕುಟಿಗ, ಇದೆ. ಗೂಬೆ, ಇದೆ. ಕೊಕ್ಕರೆ, ಇದೆ. ಗುಬ್ಬಿ, ಇದೆ..."

ಹೆಂಡತಿ ಬೆರಳು ಮಡಚಿ ಎಣಿಸುತ್ತಿದ್ದಳು. ಕತ್ತಲಲ್ಲಿ ಒಂದೊಂದೇ ಹಕ್ಕಿ ಬಂದು ಕೊಂಬೆಯ ಮೇಲೆ ಕೂತ ಹಾಗಿತ್ತು. ಆ ತಾಯಿ ತಮ್ಮ ಮಗಳು ಬರೆದ ಒಂದು ಹಕ್ಕಿಯನ್ನೂ ನೋಡಿದವರಲ್ಲ, ಆದರೆ ಮಗಳು ಊಟದ ಹೊತ್ತಿನಲ್ಲಿ ಬಣ್ಣಿಸಿದ್ದನ್ನೆಲ್ಲ ಕೇಳಿ ಒಂದೊಂದರ ಗುರುತೂ ಇಟ್ಟುಕೊಂಡಿದ್ದರು. "ಮಿಂಚುಳ್ಳಿ, ಇದೆ. ಇದೇ ಅಲ್ವಾ, ಬಾಲದ ಕೆಳಗೆ ನಿನ್ನ ಹೆಸರಿರೋದು? ನಲವತ್ತೆರಡು. ಪೂರ್ತಿ ಆಯ್ತು."

ಹೆಂಡತಿ ಮುಖ ಮುಚ್ಚಿಕೊಂಡಳು. ಊದಿದ ಕೆನ್ನೆಯ ಮೇಲೆ ಕಣ್ಣೀರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಈಗ ಹೇಳಿ ಅಳಿಯಂದ್ರೇ, ಬೆಳಿಗ್ಗೆಯಿಂದ ಏನೇನು ಮಾಡಿದ್ರಿ? ಒಂದೂ ಬಿಡದೆ ಹೇಳಬೇಕು."

ಹೇಳಿದೆ. ಹಾಜರಿ ತೆಗೆದದ್ದು, ಮುದುಕ ಜಗ್ಗದೆ ಇದ್ದದ್ದು, ತಡೆಯುವ ಪಟ್ಟಿ, ಸ್ವಾಗತದ ಪಟ್ಟಿ. ಹೆಂಡತಿ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. ಹೇಗೂ ಬೆತ್ತಲಾಗಿದ್ದಾಯಿತು ಎಂದು ಕೊನೆಯದನ್ನೂ ಹೇಳಿಬಿಟ್ಟೆ. "ನಿಮ್ಮ ದನಿಯವನನ್ನೂ ಕಳಿಸಬೇಕು ಅಂತ ಇದ್ದೆ, ಅತ್ತೆ. ದಂಡ ಅನ್ನಿಸಿತ್ತು. ಕೂದಲೆಳೆಯಲ್ಲಿ ತಪ್ಪಿತು."

"ಗೊತ್ತಿತ್ತು," ಎಂದರು ಅತ್ತೆ. "'ಇರಲಿ, ಪಾಪ' ಅಂದ್ರಲ್ಲ, ಕೇಳಿಸ್ತು. ನೀವು ಮನಸ್ಸಿನಲ್ಲಿ ಅಂದ್ಕೊಳ್ಳೋದೆಲ್ಲ ಸ್ವಲ್ಪ ಗಟ್ಟಿಯಾಗೇ ಅಂದ್ಕೋತೀರಿ."

ಅವರು ಕೆಲಸಕ್ಕೆ ಕೂತರು. ನೋಡುವಂತಿತ್ತು! ನೆಟ್ಟಗೆ ಕುಳಿತ ಬೆನ್ನು, ತುಸು ಓರೆಯಾದ ತಲೆ, ಕಪ್ಪು ಪರದೆಯ ಕಡೆಗೆ ಗಮನವೇ ಇಲ್ಲ. ಎಕ್ಸ್‌ಚೇಂಜಿನಲ್ಲಿ ಹೀಗೇ ಕೂರುತ್ತಿದ್ದರೇನೋ. "ಯಾವ ತೂತಿಗೆ ಯಾವ ತಂತಿ ಅಂತ ಆಗಲೂ ನೋಡ್ತಿರಲಿಲ್ಲ, ಕೇಳ್ತಿದ್ದೆ ಅಷ್ಟೇ," ಎಂದರು ನಡುವೆ. ತಡೆಯುವ ಪಟ್ಟಿಯನ್ನು ತೆರೆಸಿದರು, ದನಿ ಅದನ್ನು ಓದಿತು, ಮುದುಕನ ಹೆಸರನ್ನು ಅಳಿಸಿದರು. ಆ ಜಾಗದಲ್ಲಿ ಹೊಸಬನ ಹೆಸರು ಬರೆದರು. ಸ್ವಾಗತದ ಪಟ್ಟಿಯನ್ನೂ ಸರಿಪಡಿಸಿದರು. ಎರಡೆರಡು ಸಲ ಓದಿಸಿ ಕೇಳಿದರು. ನಾನು ನೋಡಿಯೂ ಓದದೆ ಬಿಟ್ಟದ್ದನ್ನು ಅವರು ನೋಡದೆಯೇ ಎರಡು ಸಲ ಓದಿದರು.

"ಪರದೆಯವನು ಹೋದ್ರೆ ಯಜಮಾನ ಸಾಯಲ್ಲ, ಅಳಿಯಂದ್ರೇ. ಮಿಕ್ಕವರೆಲ್ಲ ಅವರವರ ಕೆಲಸ ಮಾಡ್ತಾನೇ ಇರ್ತಾರೆ. ನೀವೇ ಬೆಳಿಗ್ಗೆ ಪಾಠ ಹೇಳಿದ್ರಲ್ಲ?"

ಹೇಳಿದ್ದೆ. ಪಾಠ ಹೇಳುವವರಿಗೆ ಅದು ಅರ್ಥವಾಗಿರಬೇಕೆಂಬ ನಿಯಮ ಎಲ್ಲಿದೆ?

ಕಂಪ್ಯೂಟರ್ ಆರಿ ಮತ್ತೆ ಹತ್ತಿತು. ಹೆಂಡತಿ ನನ್ನ ಕೈಯನ್ನು ಹಿಡಿದುಕೊಂಡಳು, ಉಗುರು ಚರ್ಮಕ್ಕೆ ಇಳಿಯುವಷ್ಟು. ಪರದೆ ಮಿನುಗಿತು. ಕಪ್ಪಾಯಿತು. ಆಮೇಲೆ ಬೆಳಗಿತು! ಮುದುಕ ಬಾಗಿಲು ದಾಟಿ ಒಳಗೆ ಬಂದಿದ್ದ. ಹಿಗ್ಗಿಸಿದರೆ ಅದೇ ಹಳೆಯ ತಡವರಿಕೆ, ರೆಕ್ಕೆ ಒಂದು ಕಡೆ, ಹಕ್ಕಿ ಒಂದು ಕಡೆ. ಆ ತಡವರಿಕೆಯಷ್ಟು ಸುಂದರವಾದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಮೂರೂ ನಲವತ್ತಕ್ಕೆ ನಲವತ್ತೆರಡೂ ಹಕ್ಕಿಗಳು ಅಚ್ಚುಮನೆಗೆ ಹಾರಿದವು. ಅವುಗಳ ಬೆನ್ನಿಗೇ ನಾನು ಕಾಪಿಯನ್ನೂ ಮಾಡಿದೆ, ಎರಡು ಕಡೆ. ಐದು ನಿಮಿಷವೂ ಹಿಡಿಯಲಿಲ್ಲ. ಫೋನು ಬಂತು. "ಎಲ್ಲ ಬಂತು ಸಾರ್. ಮಿಂಚುಳ್ಳಿ ಬಹಳ ಚೆನ್ನಾಗಿದೆ ಅಂತ ಮೇಡಂಗೆ ಹೇಳಿ. ಹೆಸರು ಇನ್ನೂ ಸ್ವಲ್ಪ ದೊಡ್ಡದಾಗಿ ಹಾಕೋಣವಾ ಅಂತ ಕೇಳಿ." ಹೆಂಡತಿ ಬೇಡ ಬೇಡ ಎಂದು ಕೈಯಾಡಿಸಿದಳು. ನಾನು ಫೋನಿನಲ್ಲಿ "ಹಾಕಿ, ಹಾಕಿ!" ಎಂದೆ. ಆ ದಿನ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು.

ಅಷ್ಟರಲ್ಲಿ ಪೆನ್ ಡ್ರೈವ್ ಹಿಡಿದುಕೊಂಡು ಗೊತ್ತುಬಿಡಿ ಏದುಸಿರು ಬಿಡುತ್ತ ಬಂದ. ಬೆಳಗುತ್ತಿದ್ದ ಪರದೆಯನ್ನು ನೋಡಿದ.

"ಗೊತ್ತು ಬಿಡಿ," ಎಂದ. "ನಾನು ಬರ್ತೀನಿ ಅಂದ್ರೆ ಸಾಕು, ಎಷ್ಟೋ ಸಲ ತಾನಾಗೇ ಸರಿಹೋಗುತ್ತೆ."

ಅವನಿಗೆ ಕಾಫಿ ಕೊಟ್ಟು ಕಳಿಸಿದೆವು. ಅವನು ತಡವಾಗಿ ಬಂದದ್ದಕ್ಕೂ ನಾನು ಕೃತಜ್ಞ. ಒಂದು ಗಂಟೆ ಮುಂಚೆ ಬಂದಿದ್ದರೆ ನಾನೇ ಬಾಗಿಲು ತೆರೆದು ಹಕ್ಕಿಗಳನ್ನು ಅವನ ಕೈಗೆ ಒಪ್ಪಿಸುತ್ತಿದ್ದೆ.

ಅತ್ತೆಯ ಮುಂದೆ ಹೋಗಿ ನಿಂತೆ. ಮೊಳೆಯ ಮೇಲಿದ್ದ ಇಯರ್‌ಫೋನನ್ನು ತೆಗೆದು ಖಾನೆಗೆ ಹಾಕಿದೆ. "ಅತ್ತೆ, ನಾಳೆಯಿಂದ ಇದು ಬೇಡ. ಗಟ್ಟಿಯಾಗೇ ಓದಲಿ. ನನ್ನ ನಿದ್ದೆ ಹಾಳಾಗಿ ಹೋಗಲಿ," ಎಂದೆ. ಅತ್ತೆ ನಕ್ಕು, ಗಾಳಿಯಲ್ಲಿ ತಡಕಿ, ನನ್ನ ಕೈಯನ್ನು ಹುಡುಕಿ ತಟ್ಟಿದರು.

ಗಡಿಯಾರ ನಾಲ್ಕು ಹೊಡೆಯಿತು. ಹೆಂಡತಿ ಬಾಯಿಂದ ಹತ್ತಿ ತೆಗೆದಳು. ಡಾಕ್ಟರು ಕೊಟ್ಟಿದ್ದ ಗಡುವು ಮುಗಿದಿತ್ತು. ಮೂರು ಗಂಟೆ ಹೊತ್ತು ಒಳಗೇ ಕಟ್ಟಿಟ್ಟ ಮಾತು. ನಾನು ಕಣ್ಣು ಮುಚ್ಚಿ ಸಿದ್ಧನಾದೆ.

"ಅಮ್ಮಾ," ಎಂದಳು ನಿಧಾನವಾಗಿ, "ಬೇಡದವರನ್ನ ಹೊರಗೆ ಕಳಿಸೋಕೆ ಏನೋ ಆಜ್ಞೆ ಇದೆಯಂತಲ್ಲ. ಅದನ್ನ ಒಂದ್ಸಲ ಇವರ ಹೆಸರಿಗೆ ಕೊಟ್ಟು ನೋಡು."

"ನಿಮ್ಮ ಮದುವೆಯಾದ ವರ್ಷವೇ ಕೊಟ್ಟು ನೋಡಿದೆ ಕಣೇ," ಎಂದರು ಅತ್ತೆ. "ಆಗಲ್ಲ ಅಂತು."

"ಯಾಕಂತೆ?"

"ಬಳಕೆಯಲ್ಲಿದೆ ಅಂತ."

ನನ್ನ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದಲ್ಲಿ ಈ ಮನೆಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು! ಎದೆ ಬೆಳಗಿನಷ್ಟೇ ಉಬ್ಬಿತು. ಹೆಂಡತಿಯೂ ಊದಿದ ಕೆನ್ನೆಯಲ್ಲೇ ನಕ್ಕಳು. ಅರ್ಧ ಬಾಯಿ ಮಾತ್ರ ನಗುತ್ತಿತ್ತು, ನನಗೆ ಅಷ್ಟೇ ಬೇಕಾದಷ್ಟಾಯಿತು. ಆಮೇಲೆ ಅವಳು ನೀರು ಕುಡಿಯಲೆಂದು ಅಡುಗೆಮನೆಗೆ ಹೋದಳು.

ಒಳಗಿನಿಂದ ಅವಳ ದನಿ ಬಂತು, ಈಗ ಪೂರ್ತಿ ಬಾಯಿಯಿಂದ:

"ರೀ! ಬಳಕೆಯಲ್ಲಿದೆ ಅಂದಳಲ್ಲ ಅಮ್ಮ, ಮತ್ತೆ ಈ ಪಾತ್ರೆಗಳು ಯಾಕೆ ಬೆಳಿಗ್ಗೆಯಿಂದ ಹಾಗೇ ಬಿದ್ದಿವೆ?"